ಹೊಂಡದ ಕವರ್

ಇನ್ಶೂರೆನ್ಸ್ ಆಫೀಸಿನಲ್ಲಿ ಕೂತವರಿಗೆ ಯಾವುದಕ್ಕೂ ಗಾಬರಿ ಆಗುವುದಿಲ್ಲ ಅಂತ ಜನ ತಿಳಿದಿದ್ದಾರೆ. ಶುದ್ಧ ಸುಳ್ಳು ಮಾರಾಯ್ರೇ. ಬಹ್ರೈನಿನ ಮನಾಮದ ಈ ಆಫೀಸಿನಲ್ಲಿ ಮನೆ ಪಾಲಿಸಿಗಳ ಮೇಜಿನ ಹಿಂದೆ ಕೂತು ಎಷ್ಟೋ ವರ್ಷವಾಯಿತು. ದಿನಕ್ಕೊಮ್ಮೆಯಾದರೂ ಯಾರಾದರೂ ಬಂದು ನನ್ನ ಜೀವವನ್ನು ಬಾಯಿಗೆ ತರಿಸದೆ ಹೋಗುವುದಿಲ್ಲ. ಉಳಿದದ್ದನ್ನು ಸಂಜೆ ಮನೆಯವರು ಪೂರೈಸುತ್ತಾರೆ.

ಈ ವರ್ಷವಂತೂ ಎಲ್ಲಾ ಗಾಬರಿಯೂ ಒಂದೇ ವಿಷಯದಿಂದ ಬಂತು, ನೆಲ ಕುಸಿತದ ಕವರ್. ಅಂದರೆ ಮನೆಯ ಅಡಿಯ ನೆಲ ಇದ್ದಕ್ಕಿದ್ದ ಹಾಗೆ ಹೊಂಡ ಬಿದ್ದು ಮನೆ ಹಾಳಾದರೆ ಕಂಪನಿ ನಷ್ಟ ಕಟ್ಟಿಕೊಡುತ್ತದೆ. ಬೇಕಾದವರು ಇದನ್ನು ಮನೆ ಪಾಲಿಸಿಗೆ ಸೇರಿಸಬಹುದು, ಬೇಡದವರು ಬಿಡಬಹುದು. ನಮ್ಮ ಮನೆಯಲ್ಲಿ ಇದಕ್ಕೆ ಹೊಂಡದ ಕವರ್ ಅಂತಲೇ ಹೆಸರು.

೧. ಹದಿನಾಲ್ಕನೇ ಮಾಳಿಗೆ

ಪಾಲಿಸಿ ನವೀಕರಣಕ್ಕೆ ಬಂದವರನ್ನೆಲ್ಲ ನಾನು ಕೇಳಲೇಬೇಕು, "ನೆಲ ಕುಸಿತದ ಕವರ್ ಇರಲಾ, ತೆಗೆಯುವುದಾ?"

ಉಡುಪಿ ಕಡೆಯ ಹೋಟೆಲಿನವರೊಬ್ಬರು ಕನ್ನಡಕ ಏರಿಸಿ ಕೇಳಿದರು, "ನೆಲ ಕುಸಿದರೆ ದುಡ್ಡು ಕೊಡ್ತೀರಾ?"

"ಖಂಡಿತ ಕೊಡ್ತೇವೆ."

"ಕುಸಿಯುವಾಗ ನಾನು ಒಳಗೆ ಇದ್ದರೆ?"

ಬೆಳಗ್ಗೆ ಬೆಳಗ್ಗೆ ಇದೆಂತ ಅಪಶಕುನದ ಮಾತು! ಮೆಲ್ಲ ಹೇಳಿದೆ, "ಆಗ ಮನೆಯವರಿಗೆ ಕೊಡ್ತೇವೆ."

"ಮನೆಯವರು ಅಂದರೆ ನನ್ನ ಭಾವ. ನಾನು ಹೊಂಡದೊಳಗೆ, ಅವನು ಹೊಸ ಕಾರಿನೊಳಗೆ. ಅವನಿಗೆ ಅಷ್ಟು ಸುಖ ಕೊಡಲಿಕ್ಕೆ ನನಗೆ ಮನಸ್ಸಿಲ್ಲ. ತೆಗೆಯಿರಿ ಅದನ್ನು."

ಅವರು ಹೋದ ಮೇಲೆ ಜುಫೈರಿನಲ್ಲಿ ಫ್ಲಾಟ್ ಕೊಂಡವರೊಬ್ಬರು ಬಂದರು. ಅವರಿಗೂ ಅದೇ ಪ್ರಶ್ನೆ ಕೇಳಿದೆ. ಅವರು ನನ್ನನ್ನು ಪಾಪದ ಪ್ರಾಣಿಯ ಹಾಗೆ ನೋಡಿದರು.

"ಮೇಡಂ, ನೆಲ ಕುಸಿದರೆ ನೆಲದಲ್ಲಿರುವವರು ಹೆದರಬೇಕು. ನಮ್ಮದು ಹದಿನಾಲ್ಕನೇ ಮಾಳಿಗೆ."

೨. ಗೀಟು ಹಾಕುವ ಮನುಷ್ಯ

ಊರಿನವರನ್ನು ನೋಡಿ ಗಾಬರಿ ಬಿದ್ದು ಮನೆಗೆ ಹೋದರೆ ಅಲ್ಲಿ ನಮ್ಮ ಯಜಮಾನರು. ಸಿತ್ರಾದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ಮ್ಯಾನೇಜರ್. ಯಾವ ಕೊಟೇಶನ್ ಬಂದರೂ ಅದರಲ್ಲಿ ಒಂದು ಸಾಲಿಗೆ ಕೆಂಪು ಗೀಟು ಹಾಕದಿದ್ದರೆ ಇವರಿಗೆ ಅನ್ನ ಇಳಿಯುವುದಿಲ್ಲ. ಅದು ಆಫೀಸಿಗೆ ಮಾತ್ರ ಇದ್ದರೆ ಸಹಿಸಿಕೊಳ್ಳಬಹುದಿತ್ತು. ಒಮ್ಮೆ ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳಿ, "ಪಲ್ಯ ಬೇಡ, ಎಷ್ಟು ಕಮ್ಮಿ ಮಾಡ್ತೀರಿ?" ಅಂತ ಕೇಳಿದ ಮನುಷ್ಯ ಇವರು. ನಾಚಿಕೆಯಿಂದ ನಾನು ನೀರಿನ ಲೋಟದೊಳಗೆ ಮುಖ ಇಟ್ಟೆ.

ನಮ್ಮ ಮನೆ ಪಾಲಿಸಿಯ ನವೀಕರಣ ಬಂದಾಗ ಇವರ ಕಣ್ಣು ನೇರ ಹೊಂಡದ ಕವರಿನ ಮೇಲೆಯೇ ಬಿತ್ತು.

"ಇದು ಎಂತಕ್ಕೆ? ಮರಳುಗಾಡಿನ ದೇಶ. ಮಳೆ ಇಲ್ಲ, ಹೊಳೆ ಇಲ್ಲ, ಗುಡ್ಡ ಇಲ್ಲ. ನೆಲಕ್ಕೆ ಕುಸಿಯುವಷ್ಟು ಕಷ್ಟ ಎಂತ ಉಂಟು ಇಲ್ಲಿ?"

"ಅಯ್ಯೋ, ನಾವಿರುವುದು ಎಲ್ಲಿ ಅಂತ ಮರೆತುಹೋಯಿತಾ? ಕಡಲಿಗೆ ಮರಳು ತುಂಬಿಸಿ ಮಾಡಿದ ಜಾಗ ಇದು! ನಮ್ಮ ಅಡಿಗೆ ಮನೆ ಇರುವಲ್ಲಿ ಮೊದಲು ಮೀನು ಓಡಾಡುತ್ತಿತ್ತು!"

"ತುಂಬಿಸಿದವರು ದಡ್ಡರಾ?"

"ನಾನು ಹಾಗೆ ಹೇಳಿದೆನಾ?"

ನಾನು ಹೇಳುವುದು ಇಷ್ಟೆ. ಬಹ್ರೈನಿಗೆ ಬಂದ ಮೇಲೆ ನಾವು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋದವರು. ದೇವರ ಪಟಕ್ಕೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರಿಗೆ ಫೋನ್ ಮಾಡಿ ಕೇಳಬೇಕು. ವಿದೇಶಿಯರೂ ಮನೆ ಕೊಳ್ಳಬಹುದಾದ ಈ ಬಡಾವಣೆಯಲ್ಲಿ, ಗೋಡೆಗೆ ಗೋಡೆ ಅಂಟಿದ ಸಾಲಿನಲ್ಲಿ ಒಂದು ಮನೆ ನಮ್ಮದಾಯಿತು. ಊರಲ್ಲಿ ನಮಗೆ ಬೇರೆ ಮನೆ ಇಲ್ಲ, ಇರುವುದು ಇದೊಂದೇ. ಬೀಗದ ಕೈ ಸಿಕ್ಕಿದ ದಿನ ನಾನು ಮಾಡಿದ ಮೊದಲ ಕೆಲಸ, ಯಾರನ್ನೂ ಕೇಳದೆ ಗೋಡೆಗೆ ಒಂದು ಮೊಳೆ ಹೊಡೆದದ್ದು. ಅದಕ್ಕೆ ಏನೂ ನೇತು ಹಾಕಲಿಲ್ಲ, ಸುಮ್ಮನೆ ನೋಡಿ ಖುಷಿಪಟ್ಟೆ. ಅಂಥ ಮನೆಯ ಅಡಿಗೆ ಏನೂ ಆಗುವುದಿಲ್ಲ ಅಂತ ಈ ಮನುಷ್ಯ ಕೆಂಪು ಪೆನ್ನು ಹಿಡಿದು ಕೂತರೆ ನನ್ನ ಹೊಟ್ಟೆ ಉರಿಯುವುದಿಲ್ಲವಾ?

"ಬೆಂಕಿಯ ಕವರ್ ಇರಲಿ," ಅಂದರು ಇವರು ಉದಾರವಾಗಿ. "ನೀನು ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ."

೩. ಇಂಜಿನಿಯರರ ಪರೀಕ್ಷೆ

ಪಕ್ಕದ ಮನೆಯವರು ಮಂಗಳೂರಿನ ಕ್ರಿಶ್ಚಿಯನ್ನರು. ಗಂಡ ಸಿವಿಲ್ ಇಂಜಿನಿಯರ್, ಹೆಂಡತಿ ನರ್ಸ್. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಮ್ಮ ಜಗಳ ಅವರಿಗೆ ಕೇಳಿಸುತ್ತದೆ, ಅವರ ಕುಕ್ಕರಿನ ಸೀಟಿ ನಾವು ಎಣಿಸುತ್ತೇವೆ. ಸಿವಿಲ್ ಇಂಜಿನಿಯರ್ ಅಂದ ಮೇಲೆ ನೆಲದ ವಿಷಯ ಗೊತ್ತಿರಬೇಕಲ್ಲ ಅಂತ ನಾನೇ ಚಹಾಕ್ಕೆ ಕರೆದೆ.

ಬಂದವರು ಒಂದು ಸ್ಟೀಲ್ ಲೋಟದ ತುಂಬ ನೀರು ಕೇಳಿದರು. ಕುಡಿಯಲಿಕ್ಕೆ ಅಂತ ತಿಳಿದೆ. ಅವರು ಅದನ್ನು ಹಾಲಿನ ನಡುವೆ ನೆಲದ ಮೇಲಿಟ್ಟು, ಹೊಟ್ಟೆ ಅಡಿ ಮಾಡಿ ಮಲಗಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಲೆವೆಲ್ ಸರಿ ಉಂಟು. ಈಗ ನೀವು ಸ್ವಲ್ಪ ಹಾರಿ."

ಇವರು ಲುಂಗಿ ಎತ್ತಿ ಕಟ್ಟಿ ಹಾರಿದರು. ನೀರು ಅಲುಗಿತು.

"ಜೋರಾಗಿ ಹಾರಿ ಮಾರಾಯ್ರೇ, ತಿಂದದ್ದು ಎಲ್ಲಿ ಹೋಯಿತು? ತಡೆಯಿರಿ, ನಾನೂ ಬರ್ತೇನೆ."

ನಾನು ಚಹಾದ ತಟ್ಟೆ ಹಿಡಿದುಕೊಂಡು ಬರುವಾಗ ಕಂಡದ್ದು ಇದು. ತಲೆ ನರೆತ ಇಬ್ಬರು ಗಂಡಸರು ಕೈ ಕೈ ಹಿಡಿದು ನಮ್ಮ ಹಾಲಿನಲ್ಲಿ ದಡ ದಡ ಅಂತ ಹಾರುತ್ತಿದ್ದಾರೆ! ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು. ನನ್ನ ಕೈಯ ಚಹಾ ತಟ್ಟೆಯಲ್ಲಿಯೇ ಚೆಲ್ಲಿಹೋಯಿತು. ಅಷ್ಟರಲ್ಲಿ ಇಂಜಿನಿಯರರ ಹೆಂಡತಿ ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿ ಬಂದರು, "ಓ ದೇವಾ, ಭೂಕಂಪ! ನಮ್ಮ ಶೋಕೇಸಿನ ಗ್ಲಾಸೆಲ್ಲ ಗಲಗಲ ಅಂತ ಉಂಟು!"

ಇಂಜಿನಿಯರ್ ಬೆವರು ಒರೆಸಿಕೊಂಡು ತೀರ್ಪು ಕೊಟ್ಟರು. "ನೆಲ ಗಟ್ಟಿ ಉಂಟು. ಆದರೂ ಕವರ್ ಇಟ್ಟುಕೊಳ್ಳಿ. ಹೇಳಲಿಕ್ಕೆ ಬರುವುದಿಲ್ಲ."

ನನಗೆ ಜಯ ಸಿಕ್ಕಿದಷ್ಟು ಸಂತೋಷ. "ಕೇಳಿದ್ರಾ?" ಅಂತ ಇವರ ಕಡೆ ನೋಡಿ, ಅವರನ್ನು ಕೇಳಿದೆ, "ನಿಮ್ಮ ಮನೆಗೆ ಉಂಟಲ್ಲ ಕವರ್?"

"ನಮಗೆ ಎಂತಕ್ಕೆ? ಒಂದೇ ಗೋಡೆ ಅಲ್ವಾ? ನಿಮ್ಮದು ಕುಸಿದರೆ ನಮಗೆ ಗೊತ್ತಾಗುತ್ತದೆ, ಆಗ ತಗೊಳ್ಳುವುದು."

೪. ಅತ್ತೆಯ ಹಿಂದಿ

ಈ ಗಲಾಟೆಯ ನಡುವೆ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ನಾವು ಮನೆ ಕೊಂಡ ಮೇಲೆ ಮೊದಲ ಸಲ. ಸೂಟ್‌ಕೇಸ್ ತೆರೆದರೆ ಬಟ್ಟೆ ಕಮ್ಮಿ, ತೆಂಗಿನಕಾಯಿ ಜಾಸ್ತಿ. ಒಂದೊಂದು ಕಾಯಿಯನ್ನೂ ಹಳೆ ಸೀರೆಯ ತುಂಡಿನಲ್ಲಿ ಹಸುಗೂಸಿನ ಹಾಗೆ ಸುತ್ತಿದ್ದರು.

"ಅತ್ತೆ, ತೆಂಗಿನಕಾಯಿ ಇಲ್ಲಿಯೂ ಸಿಗುತ್ತದೆ."

"ನೋಡಿದ್ದೇನೆ ನಿಮ್ಮ ಫೋಟೋದಲ್ಲಿ. ಅದು ಕಾಯಿಯಾ? ನಿಂಬೆಹಣ್ಣು ಅಂತ ತಿಳಿದಿದ್ದೆ."

ಆಮೇಲೆ ಮನೆ ಸುತ್ತಿ ಬಂದರು. ಹಿತ್ತಲು ಅಂದರೆ ಏನು, ಇಂಟರ್‌ಲಾಕ್ ಕಲ್ಲು ಹಾಸಿದ ಅಂಗೈಯಗಲ ಜಾಗ, ಮೂಲೆಯಲ್ಲಿ ವಾಷಿಂಗ್ ಮೆಷಿನಿನ ಸಣ್ಣ ಕೋಣೆ. ಅತ್ತೆ ಸುತ್ತ ನೋಡಿ ಕೇಳಿದರು, "ಬಾವಿ ಎಲ್ಲಿ?"

"ಇಲ್ಲಿ ಬಾವಿ ಇಲ್ಲ ಅತ್ತೆ."

"ಬಾವಿ ಇಲ್ಲ, ಮರ ಇಲ್ಲ, ಮಣ್ಣು ಸಹ ಇಲ್ಲ! ಅಯ್ಯೋ ಮಗನೇ, ಇದು ಮನೆಯಾ, ಬಸ್ ಸ್ಟ್ಯಾಂಡಾ?"

ಬಾವಿ ಇಲ್ಲದ್ದಕ್ಕೇ ಇಷ್ಟು, ಇನ್ನು ನೆಲದ ಅಡಿ ಕಡಲಿತ್ತು ಅಂತ ಗೊತ್ತಾದರೆ ಅತ್ತೆ ನಾಳೆಯ ವಿಮಾನಕ್ಕೇ ಹೊರಡುತ್ತಾರೆ ಅಂತ ನಮಗೆ ಹೆದರಿಕೆ. ಹಾಗಾಗಿ ಹೊಂಡದ ಕವರಿನ ಜಗಳವನ್ನು ಅವರ ಎದುರು ಹಿಂದಿಯಲ್ಲಿ ಆಡುವುದು ಅಂತ ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡೆವು. ಊಟದ ಮೇಜಿನ ಆಚೆ ಈಚೆ ಕೂತು ನಾವು ಹಿಂದಿಯಲ್ಲಿ ಕಚ್ಚಾಡುವುದು, ನಡುವೆ ಅತ್ತೆ ತಣ್ಣಗೆ ಮೀನಿನ ಮುಳ್ಳು ಬಿಡಿಸುವುದು.

ಒಂದು ಮಧ್ಯಾಹ್ನ ನಾನು ಸ್ವರ ಏರಿಸಿ, ನೆಲ ಕುಸಿದು ಮನೆ ಕಡಲಿಗೆ ಹೋದರೆ ಬೀದಿಗೆ ಬೀಳುತ್ತೇವೆ ಅಂತ ಹಿಂದಿಯಲ್ಲಿ ಹೇಳಿದೆ. ಅತ್ತೆ ಬಟ್ಟಲಿನಿಂದ ತಲೆ ಎತ್ತಿದರು.

"ಮನೆ ಕಡಲಿಗೆ ಹೋಗುತ್ತದಾ?"

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇವರು ಬೆಚ್ಚಿಬಿದ್ದು, "ಅಮ್ಮಾ, ನಿನಗೆ ಹಿಂದಿ ಬರುತ್ತದಾ?" ಅಂದರು.

"ಮತ್ತೆ? ಇಷ್ಟು ವರ್ಷ ಆ ಸೀರಿಯಲ್ಲುಗಳನ್ನೆಲ್ಲ ಸುಮ್ಮನೆ ನೋಡಿದ್ದಾ?"

೫. ಉಳಿದ ಅರ್ಧ

ಅತ್ತೆ ಎರಡು ದಿನ, ಕುಸಿಯುವ ನೆಲದ ಮೇಲೆ ಹೇಗೆ ನಡೆಯುವುದು ಅಂತ ತುದಿಗಾಲಲ್ಲಿ ಓಡಾಡಿದರು. ಮೂರನೇ ದಿನ ಏನು ಹೊಳೆಯಿತೋ, ಇದ್ದಕ್ಕಿದ್ದ ಹಾಗೆ ಚುರುಕಾದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಮುಂಬಾಗಿಲ ಬಳಿ ಹಳೆ ಬಕೆಟುಗಳಲ್ಲಿ ಬಸಳೆ ಬಳ್ಳಿ ನೆಟ್ಟಾಗಿತ್ತು. ಪಕ್ಕದ ಮನೆಯ ನರ್ಸಮ್ಮ ಕಡ್ಡಿ ಕೊಟ್ಟರಂತೆ. ದಿನಕ್ಕೊಂದು ಬಕೆಟ್ ಹೆಚ್ಚಾಯಿತು. ಅಡಿಗೆ ಮನೆಯಲ್ಲಿ ಹರಳುಪ್ಪು ಮಾತ್ರ ಹೇಗೆ ಖಾಲಿಯಾಗುತ್ತದೋ ತಿಳಿಯಲಿಲ್ಲ. ಇಲ್ಲಿ ಕೋಲ್ಡ್ ಸ್ಟೋರ್ ಅಂತ ಕರೆಯುವ ದಿನಸಿ ಅಂಗಡಿಯವನು, "ಮೇಡಂ, ಉಪ್ಪಿನಕಾಯಿ ಬಿಸಿನೆಸ್ ಶುರು ಮಾಡಿದ್ರಾ?" ಅಂತ ಕೇಳಿದ. ಅತ್ತೆಯ ಮನಸ್ಸು ಇಲ್ಲಿ ನಿಂತಿತಲ್ಲ, ಅಷ್ಟು ಸಾಕು ಅಂತ ನಾನು ಸುಮ್ಮನಾದೆ.

ಈ ಕಡೆ ನವೀಕರಣದ ದಿನ ಬಂದೇಬಿಟ್ಟಿತು. ಬೆಳಗ್ಗೆ ಇವರು ಚಪಾತಿ ಮುರಿಯುತ್ತಾ ಕೇಳಿದರು, "ನಿನ್ನ ಸರ್ವಿಸಿನಲ್ಲಿ ಒಬ್ಬರಿಗಾದರೂ ಈ ಹೊಂಡದ ಕವರಿನಲ್ಲಿ ಕ್ಲೇಮು ಕೊಟ್ಟದ್ದುಂಟಾ? ಸತ್ಯ ಹೇಳು."

ಯೋಚಿಸಿದೆ. ಒಬ್ಬರೂ ನೆನಪಾಗಲಿಲ್ಲ.

"ಹಾಗಾದರೆ ಖಲ್ಲಿವಲ್ಲಿ," ಅಂದರು. ಹಾಳಾಗಿ ಹೋಗಲಿ ಬಿಡು ಅನ್ನಲಿಕ್ಕೆ ಇಲ್ಲಿ ಎಲ್ಲರೂ ಹೇಳುವ ಮಾತು. ಸಾಕಾಗಿಹೋಗಿತ್ತು ನನಗೂ. ಆಫೀಸಿಗೆ ಹೋದವಳೇ ನನ್ನ ಪಾಲಿಸಿಯಿಂದ ನಾನೇ ಆ ಕವರ್ ತೆಗೆಸಿದೆ.

ನಮ್ಮ ಮ್ಯಾನೇಜರ್ ಬಹ್ರೈನಿ. ಬುದಯ್ಯ ಕಡೆಯ ಖರ್ಜೂರದ ತೋಟದ ಮನೆಯಲ್ಲಿ ಬೆಳೆದವರು, ಹಿಂದಿ ನನಗಿಂತ ಚೆಂದ ಮಾತಾಡುತ್ತಾರೆ. ವಿಷಯ ತಿಳಿದು ಕುರ್ಚಿಯಿಂದ ಎದ್ದೇ ನಿಂತರು.

"ನೀನಾ? ಊರಿಗೆಲ್ಲ ಈ ಕವರ್ ತಗೊಳ್ಳಿ ಅಂತ ಹೇಳುವವಳು ನೀನಾ? ಅಡಿಗೆ ಭಟ್ಟನೇ ತನ್ನ ಊಟ ಬಿಟ್ಟು ಎದುರಿನ ಹೋಟೆಲಿಗೆ ಹೋದ ಹಾಗಾಯಿತಲ್ಲ!"

ಆ ಮಾತು ಎಷ್ಟು ಚುಚ್ಚಿತೆಂದರೆ, ಮನೆಗೆ ಬಂದು ಇವರ ಮೇಲೆ ಕಿಡಿಕಾರಿದೆ. "ತೆಗೆಸಿದ್ದೇನೆ. ತೃಪ್ತಿಯಾಯಿತಾ? ನೆಲ ಕುಸಿದರೆ ಮೊದಲು ನೀವು ಮಲಗುವ ಬದಿಯೇ ಕುಸಿಯಲಿ!"

ಇವರು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು, "ಆಗ ಅರ್ಧ ಮನೆ ಉಳಿಯಿತಲ್ಲ. ಅದನ್ನೇ ನಾನೂ ಹೇಳುವುದು, ಪೂರ್ತಿ ಮನೆಗೆ ಯಾಕೆ ಕವರ್?"

೬. ಹಿತ್ತಲಿಗೆ ಬಂದ ಸಮುದ್ರ

ಅದೇ ವಾರದ ಶುಕ್ರವಾರ. ಇಲ್ಲಿ ವಾರದ ರಜೆಯೂ ಅವತ್ತೇ, ಚರ್ಚಿನ ಪ್ರಾರ್ಥನೆಯೂ ಅವತ್ತೇ. ನರ್ಸಮ್ಮ ಬೆಳಗ್ಗೆ ಚರ್ಚಿಗೆ ಹೊರಟವರು ದಾರಿಯಲ್ಲಿ ಮನಾಮದ ದೇವಸ್ಥಾನದ ಹತ್ತಿರ ಇಳಿಸುತ್ತೇನೆ ಅಂತ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದರು. ನಾನು ಬಟ್ಟೆ ಒಣಹಾಕುವಾಗ ಗಾಳಿಗೆ ಒಂದು ಟವೆಲ್ ಹಾರಿ ವಾಷಿಂಗ್ ಮೆಷಿನ್ ಕೋಣೆಯ ಹಿಂದೆ ಬಿತ್ತು. ಆ ಸಂದಿಗೆ ನಾವು ಯಾರೂ ಹೋಗುವುದಿಲ್ಲ. ಟವೆಲ್ ಹೆಕ್ಕಲಿಕ್ಕೆ ಹೋದವಳು ಒಂದು ಕಾಲು ಮುಂದಿಟ್ಟೆ, ಅಡಿಯಲ್ಲಿ ನೆಲವೇ ಇಲ್ಲ!

ಗೋಡೆ ಹಿಡಿದುಕೊಂಡದ್ದಕ್ಕೆ ಬಚಾವಾದೆ. ಕಣ್ಣು ಬಿಟ್ಟು ನೋಡಿದರೆ, ದೇವರೇ, ಹೊಂಡ! ಸೊಂಟದಷ್ಟು ಆಳ. ಅಲ್ಲಿದ್ದ ಇಂಟರ್‌ಲಾಕ್ ಕಲ್ಲುಗಳು ಮಾಯ, ಮಣ್ಣು ಮಾಯ. ನಾನು ಕಿರುಚಿದ ಕಿರುಚು ಸಿತ್ರಾಕ್ಕೂ ಕೇಳಿರಬೇಕು.

ಇವರು ಶೇವಿಂಗ್ ಸೋಪಿನ ಮುಖದಲ್ಲೇ ಓಡಿ ಬಂದರು. ಬಗ್ಗಿ ನೋಡಿದರು. ಹೊಂಡದ ತಳದಲ್ಲಿ ಬೆಳ್ಳಗೆ ಏನೋ ಹೊಳೆಯುತ್ತಿತ್ತು. ಕೈ ಇಳಿಸಿ ಒಂದು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿದರು. ಸೋಪಿನ ಮೇಲೆಯೂ ಮುಖ ಬಿಳಿಚಿದ್ದು ಕಂಡಿತು.

"ಉಪ್ಪು," ಅಂದರು. "ಸಮುದ್ರ ಬಂದಿದೆ ಮಾರಾಯ್ತಿ. ಕೆಳಗಿನಿಂದ ಸಮುದ್ರ ಬಂದಿದೆ!"

ನನಗೆ ಅಳು ತಡೆಯಲಾಗಲಿಲ್ಲ. ಇದ್ದ ಒಂದು ಮನೆ. ಗೋಡೆಯಲ್ಲಿ ನಾನೇ ಹೊಡೆದ ಮೊಳೆ ಇನ್ನೂ ಖಾಲಿಯೇ ಇತ್ತು, ಒಂದು ಪಟ ಹಾಕುವ ಮೊದಲೇ ಕಡಲು ಬಂತಲ್ಲ ಅಂತ ಅಲ್ಲಿಯೇ ಕುಕ್ಕರಿಸಿದೆ. ಇವರು ನನ್ನ ಹತ್ತಿರ ಕೂತು ಸ್ವರ ತಗ್ಗಿಸಿದರು. "ಹೇಗೂ ನೀನು ಆಫೀಸಿನಲ್ಲೇ ಇರುವವಳಲ್ವಾ? ಹೋದ ವಾರದ ತಾರೀಕು ಹಾಕಿ ಕವರ್ ವಾಪಸ್ ಸೇರಿಸಲಿಕ್ಕೆ ಆಗುವುದಿಲ್ಲವಾ?"

ಅಳು ಅಲ್ಲಿಗೇ ನಿಂತಿತು. "ಎಂತ ಹೇಳ್ತಾ ಇದ್ದೀರಿ ನೀವು! ಮನೆ ಹೋದದ್ದು ಸಾಲದೆ ಹೆಂಡತಿಯನ್ನು ಜೈಲಿಗೆ ಕಳಿಸುವ ಯೋಚನೆಯಾ?"

ಅಷ್ಟರಲ್ಲಿ ಇಂಜಿನಿಯರ್ ಗೋಡೆ ಹಾರಿ ಬಂದಿದ್ದರು. ಒಂದು ಬಕೆಟ್ ನೀರು ತರಿಸಿ ಹೊಂಡಕ್ಕೆ ಸುರಿದರು. ನೀರು ಸರ್ರನೆ ಇಳಿದುಹೋಯಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಕೆಳಗೆ ಪೂರ್ತಿ ಪೊಳ್ಳು! ಯಾರೂ ಹಾರಬೇಡಿ!"

ಮೊದಲು ಹಾರಿಸಿದವರೇ ಈ ಇಂಜಿನಿಯರ್. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಹೊಂಡದ ಸುತ್ತ ಕಟ್ಟಿದರು. ನಮ್ಮ ಸಾಲಿನ ಮನೆಗಳವರೆಲ್ಲ ಬಂದು ಹಗ್ಗದ ಹೊರಗೆ ನಿಂತು, ಸಾವಿನ ಮನೆಗೆ ಬಂದವರ ಹಾಗೆ ಪಿಸಪಿಸ ಮಾತಾಡಿದರು. ನನ್ನ ಫೋನ್ ಕುಯ್ಯಿಗುಡಲಿಕ್ಕೆ ಶುರುವಾಯಿತು. ಎಲ್ಲರದ್ದೂ ಒಂದೇ ಸಂದೇಶ, ನಮಗೂ ಹೊಂಡದ ಕವರ್ ಬೇಕು, ಇವತ್ತೇ ಬೇಕು. ಎಲ್ಲಕ್ಕಿಂತ ಮೊದಲನೆಯದು ನನ್ನ ಪಕ್ಕದಲ್ಲೇ ನಿಂತಿದ್ದ ಇಂಜಿನಿಯರರದ್ದು.

ನಾನು ಮ್ಯಾನೇಜರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಶುಕ್ರವಾರದ ನಮಾಜು ಮುಗಿಸಿ ತೋಬು ಅನ್ನುವ ಬೆಳ್ಳಗಿನ ನಿಲುವಂಗಿಯಲ್ಲೇ ಬಂದರು. ಹೊಂಡ ನೋಡಿದರು, ನನ್ನನ್ನು ನೋಡಿದರು.

"ಇಡೀ ಬಹ್ರೈನಿನಲ್ಲಿ," ಅಂದರು, "ಇದಕ್ಕೆ ನಿನ್ನ ಹಿತ್ತಲೇ ಸಿಕ್ಕಿತಾ?"

೭. ಒಂದು ಷರತ್ತು

ಅದೇ ಹೊತ್ತಿಗೆ ಹೊರಗೆ ಕಾರು ನಿಂತಿತು. ಕೈಯಲ್ಲಿ ಪ್ರಸಾದ ಹಿಡಿದುಕೊಂಡು ಅತ್ತೆ, ಹಿಂದೆ ನರ್ಸಮ್ಮ. ಹಿತ್ತಲಲ್ಲಿ ಜನ ಕಂಡು ಅತ್ತೆಯ ಎದೆ ಒಡೆದಿರಬೇಕು. "ಯಾರಿಗೆ ಎಂತ ಆಯಿತು?" ಅಂತ ಓಡಿಯೇ ಬಂದರು.

ಇವರು ಅಡ್ಡ ನಿಂತರು. "ಅಮ್ಮಾ, ಹತ್ತಿರ ಹೋಗಬೇಡ. ಗಾಬರಿ ಆಗಬೇಡ. ನೆಲ ಕುಸಿದಿದೆ. ಸಮುದ್ರ ಬಂದಿದೆ."

ಅತ್ತೆ ಮಗನನ್ನು ಪಕ್ಕಕ್ಕೆ ನೂಕಿ, ಹಗ್ಗದಡಿ ನುಸುಳಿ, ಹೊಂಡಕ್ಕೆ ಬಗ್ಗಿ ನೋಡಿದರು. ನೋಡಿ ಎದೆಗೆ ಬಡಿದುಕೊಂಡರು.

"ಅಯ್ಯೋ ಅಯ್ಯೋ! ಯಾರು ನೀರು ಹಾಕಿದ್ದು ಇದಕ್ಕೆ? ಹಾಕಿದ ಉಪ್ಪೆಲ್ಲ ಕರಗಿಹೋಯಿತಲ್ಲ!"

ಹಗ್ಗದ ಹೊರಗಿದ್ದವರೆಲ್ಲ ಕುತ್ತಿಗೆ ಮುಂದೆ ಚಾಚಿದರು.

"ಹಾಕಿದ ಉಪ್ಪಾ?" ಅಂದೆ ನಾನು.

"ಮತ್ತೆ? ತೆಂಗಿನ ಸಸಿ ಇಡುವ ಹೊಂಡಕ್ಕೆ ಅಡಿಗೆ ಉಪ್ಪು ಹಾಕದೆ ಸಕ್ಕರೆ ಹಾಕುವುದಾ? ಉಪ್ಪು ಹಾಕಿ ನಾಲ್ಕು ದಿನ ಬಿಸಿಲಿಗೆ ಬಿಡಬೇಕು. ನಿನ್ನ ಅಪ್ಪನ ಮನೆಯಲ್ಲಿ ತೆಂಗು ಇರಲಿಲ್ಲವಾ?"

ಇತ್ತು. ನನ್ನ ಅಪ್ಪನೂ ಹಾಗೆಯೇ ಮಾಡುತ್ತಿದ್ದರು. ಇನ್ಶೂರೆನ್ಸಿನ ಕಣ್ಣಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಊರಿಂದ ತಂದ ಕಾಯಿಗಳಲ್ಲಿ ಎರಡು ಸಿಂಕಿನ ಅಡಿ ಕೂತಲ್ಲೇ ಮೊಳಕೆ ಒಡೆದಿದ್ದವಂತೆ. ಮೊಳಕೆ ಬಂದ ಕಾಯಿಯನ್ನು ಒಡೆಯಬಾರದು, ನೆಡಬೇಕು. ದಿನಾ ನಾವು ಕೆಲಸಕ್ಕೆ ಹೋದ ಮೇಲೆ ಅತ್ತೆ ಸ್ವಲ್ಪ ಸ್ವಲ್ಪ ತೋಡಿದ್ದಾರೆ. ತೋಡಿದ ಮಣ್ಣು ಬಸಳೆಯ ಬಕೆಟುಗಳಿಗೆ ಹೋಗಿದೆ. ಕಿತ್ತ ಕಲ್ಲುಗಳು ಬಕೆಟುಗಳ ಅಡಿಗೆ ಹೋಗಿವೆ.

"ಎಲ್ಲಾ ಮರಳು, ಬೆಣ್ಣೆಯ ಹಾಗೆ ಬರುತ್ತದೆ," ಅಂದರು ಅತ್ತೆ.

ಇವರು ತಲೆಯ ಮೇಲೆ ಕೈ ಹೊತ್ತರು. "ಅಮ್ಮಾ, ಕೇಳಿ ಮಾಡಬಾರದಿತ್ತಾ? ನಮ್ಮ ಜೀವ ಹೋಗಿತ್ತು!"

"ನಿಮ್ಮನ್ನು ಎಂತ ಕೇಳುವುದು? ನೆಲ ಕುಸಿಯುತ್ತದೆ, ಮನೆ ಕಡಲಿಗೆ ಹೋಗುತ್ತದೆ ಅಂತ ಗಂಡ ಹೆಂಡತಿ ದಿನಾ ಕಚ್ಚಾಡಿದಿರಿ. ಒಬ್ಬರಾದರೂ ಅದಕ್ಕೊಂದು ದಾರಿ ಮಾಡಿದಿರಾ? ಮನೆಯ ಮೂಲೆಗೆ ಒಂದು ತೆಂಗು ಇದ್ದರೆ ಬೇರು ಇಳಿದು ಮಣ್ಣು ಹಿಡಿದುಕೊಳ್ಳುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತದೆ ನಿಮ್ಮ ಮನೆ?"

ಇಂಜಿನಿಯರರಿಗೆ ಇನ್ನೂ ನಂಬಿಕೆ ಬರಲಿಲ್ಲ. "ಈ ಪ್ರಾಯದಲ್ಲಿ ಇಷ್ಟು ಆಳ ಯಾವುದರಿಂದ ತೋಡಿದ್ದು?"

"ನಿಮ್ಮ ಹಾರೆಯಿಂದಲೇ. ನಿಮ್ಮ ಹೆಂಡತಿ ಕೊಟ್ಟದ್ದು."

ಎಲ್ಲರೂ ನರ್ಸಮ್ಮನ ಕಡೆ ತಿರುಗಿದರು. ಅವರು ಬಾಯಿಗೆ ಸೆರಗು ಒತ್ತಿಕೊಂಡರು. "ನಾನು ಬಸಳೆಗೆ ಅಂತ ತಿಳಿದೆ!"

ನಾನು ನಾಚಿಕೆಯಿಂದ ಕುಗ್ಗಿ ಮ್ಯಾನೇಜರಿಗೆ ಎಲ್ಲ ಬಿಡಿಸಿ ಹೇಳಲಿಕ್ಕೆ ಹೊರಟರೆ ಅತ್ತೆ ನನಗೆ ಅವಕಾಶವೇ ಕೊಡಲಿಲ್ಲ. ಸೀರಿಯಲ್ಲಿನಲ್ಲಿ ಕಲಿತ ಹಿಂದಿಯಲ್ಲಿ, ಕಣ್ಣು ಅರಳಿಸಿ, ನಡುನಡುವೆ ಕೈ ಜೋಡಿಸಿ ಅವರೇ ವರದಿ ಒಪ್ಪಿಸಿದರು. ಖರ್ಜೂರದ ತೋಟದ ಮನುಷ್ಯ ಹೊಂಡದ ಅಂಚಿಗೆ ಕೂತು ಕೇಳಿದರು, ಸಸಿ ತರಿಸಿ ನೋಡಿದರು, ಹೊಂಡ ಇನ್ನೂ ಅಗಲ ಬೇಕು ಅಂತ ಸಲಹೆಯನ್ನೂ ಕೊಟ್ಟರು. ಆಮೇಲೆ ಎದ್ದು ತೋಬು ಕೊಡವಿ ನನ್ನನ್ನು ಕೇಳಿದರು, "ಈಗ ಹೇಳು. ನಿನ್ನ ಕವರ್ ಬೇಕಾ, ಬೇಡವಾ?"

ನಾನು ಬಾಯಿ ತೆರೆಯುವ ಮೊದಲೇ ಒಂದು ಸ್ವರ ಬಂತು, "ಬೇಕು! ಹಾಕಿ! ಇವತ್ತೇ ಹಾಕಿ!" ನೋಡಿದರೆ ಇವರು. ಸೋಪು ಮುಖದಲ್ಲೇ ಒಣಗಿ ಹಪ್ಪಳವಾಗಿತ್ತು. ಈ ಮನುಷ್ಯ ಒಂದು ಸಾಲನ್ನು ಹೊಡೆದು ಹಾಕದೆ, ಸೇರಿಸಿ ಅಂತ ಹೇಳಿದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ಕೇಳಿದ್ದು. ಹೊಂಡ ನೋಡಿದ್ದಕ್ಕಿಂತ ಅದಕ್ಕೇ ಹೆಚ್ಚು ಗಾಬರಿಯಾಯಿತು.

"ಆಗಲಿ," ಅಂದರು ಮ್ಯಾನೇಜರ್. "ಆದರೆ ಇನ್ನು ಈ ಸಾಲಿನ ಎಲ್ಲಾ ಮನೆಗಳಿಗೂ ಒಂದು ಷರತ್ತು. ಮನೆಯ ಮಾಲೀಕರ ಕುಟುಂಬದವರು ತೋಡಿದ ಹೊಂಡಕ್ಕೆ ಕಂಪನಿ ಏನೂ ಕೊಡುವುದಿಲ್ಲ."

ಇವರ ಮುಖ ಇಳಿದುಹೋಯಿತು. "ನಮ್ಮಲ್ಲಿ ತೋಡುವವರು ಇರುವುದು ಅಮ್ಮ ಒಬ್ಬರೇ!"

ನಾನು ಅಕ್ಕಪಕ್ಕದವರ ಕಡೆ ತಿರುಗಿದೆ. ಸುಳ್ಳು ಹೊಂಡ ತೋರಿಸಿ ಪಾಲಿಸಿ ಮಾರಿದಳು ಅಂತ ನಾಳೆ ಯಾರೂ ಹೇಳಬಾರದಲ್ಲ. "ನೋಡಿ, ನೆಲ ಕುಸಿದದ್ದಲ್ಲ ಅಂತ ಈಗ ಗೊತ್ತಾಯಿತು. ಕವರ್ ಬೇಡ ಅನ್ನುವವರು ಧಾರಾಳವಾಗಿ ಬೇಡ ಅನ್ನಿ, ನನಗೆ ಬೇಸರ ಇಲ್ಲ."

ಯಾರೂ ಬೇಡ ಅನ್ನಲಿಲ್ಲ. ಒಬ್ಬೊಬ್ಬರೂ ಒಮ್ಮೆ ಅತ್ತೆಯ ಕಡೆ, ಒಮ್ಮೆ ಹಾರೆಯ ಕಡೆ ನೋಡಿದರು. ಇಂಜಿನಿಯರರ ಮುಖ ಮಾತ್ರ ಅರಳುತ್ತಾ ಬಂತು.

"ನನಗೆ ಬೇಕೇ ಬೇಕು! ಷರತ್ತು ಕುಟುಂಬದವರಿಗೆ ಮಾತ್ರ ಅಲ್ವಾ? ಅಮ್ಮ ನಿಮ್ಮ ಕುಟುಂಬ, ನಮ್ಮದಲ್ಲ. ಅವರು ನಮ್ಮ ಗೋಡೆಯ ಅಡಿ ತೋಡಿದರೆ ಕಂಪನಿ ನನಗೆ ಕೊಡಬೇಕಾಗುತ್ತದೆ. ಹೌದಾ, ಅಲ್ವಾ?"

ಮ್ಯಾನೇಜರ್ ಗಡ್ಡ ಕೆರೆದುಕೊಂಡು ಯೋಚಿಸಿ, ಹೌದು ಅಂತ ತಲೆ ಆಡಿಸಬೇಕಾಯಿತು. ಇಂಜಿನಿಯರ್ ಗೆದ್ದವರ ಹಾಗೆ ಸುತ್ತ ನೋಡಿದರು.

ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ಎರಡನೇ ಮೊಳಕೆ ಕಾಯಿಯನ್ನು ತಂದಿದ್ದರು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಹಾರೆ. ನೇರ ಇಂಜಿನಿಯರರ ಹತ್ತಿರ ಹೋಗಿ ಅವರ ಬೆನ್ನು ಸವರಿ, ಅದೇ ಸೀರಿಯಲ್ಲಿನ ಹಿಂದಿಯಲ್ಲಿ ಹೇಳಿದರು.

"ಇದು ನಿನ್ನ ಹಿತ್ತಲಿಗೆ. ನಾಳೆ ಬೆಳಗ್ಗೆ ನಾನೇ ಬಂದು ಹೊಂಡ ತೋಡಿ ಕೊಡ್ತೇನೆ. ನೀನು ಬೇರೆಯವನಾ? ಇವನು ಹೇಗೋ ಹಾಗೆ, ನೀನೂ ನನ್ನ ಮಗನೇ."

ಇಂಜಿನಿಯರ್ ಹೌಹಾರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

"ಅಯ್ಯೋ ಅಮ್ಮಾ, ಮೆಲ್ಲ ಹೇಳಿ! ಮ್ಯಾನೇಜರ್ ಕೇಳಿಸಿಕೊಂಡರೆ ನನ್ನ ಕವರ್ ಹೋಯಿತು!"